ಕಾಫಿ ಬೋರ್ಡ್ ಕಾಲವೇ ಒಳ್ಳೇದಿತ್ತಾ, ಮುಕ್ತ ಮಾರುಕಟ್ಟೆ ಒಳ್ಳೇದಾ?

ಹೂಮಳೆ:
ಎಲ್ರಿಗೂ ನಮಸ್ಕಾರ. ಸಕಲೇಶಪುರ ಕಡೆಯವನು. ಕಾಫಿಯಲ್ಲಿ ರೋಬಸ್ಟಾ ತಳಿ ಜಾಸ್ತಿ, ಸ್ವಲ್ಪ ಅರೇಬಿಕಾ, ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸು. ಮನೇಲಿ ಅಪ್ಪನಿಗೂ ನನಗೂ ಒಂದೇ ಜಗಳ. ಎಲ್ಲರೂ ಸರ್ಕಾರದ ಕಾಫಿ ಬೋರ್ಡಿಗೇ ಕಾಫಿ ಹಾಕ್ತಿದ್ದ ಕಾಲವೇ ನೆಮ್ಮದಿಯಾಗಿತ್ತು, ಈಗಿನದು ಜೂಜು ಅಂತಾರೆ ಅವರು. ನನ್ನ ಪ್ರಕಾರ ಬೋರ್ಡಿನ ಹಿಡಿತ ತಪ್ಪಿದ ಮೇಲೇನೇ ಬೆಳೆಗಾರ ಬದುಕಿದ್ದು. 2020ರ ಸುಮಾರಿಗೆ 50 ಕೆ.ಜಿ. ರೋಬಸ್ಟಾ ಚೆರಿ (ಒಣಗಿಸಿದ ಹಣ್ಣು) ಚೀಲಕ್ಕೆ ಮೂರೂವರೆ ಸಾವಿರ ಸಿಕ್ಕರೆ ಹೆಚ್ಚು ಅನ್ನೋ ಹಾಗಿತ್ತು, 2024ರಲ್ಲಿ ಹತ್ತು ಸಾವಿರ ದಾಟ್ತು. ಸರ್ಕಾರದ ಕೈಯಲ್ಲಿ ಇದ್ದಿದ್ರೆ ಆ ದುಡ್ಡು ನಮ್ಮ ಕಣಕ್ಕೆ ಬರ್ತಿತ್ತಾ? ಆ ಕಾಲ ನೋಡಿದವರು ಹೇಳಿ. ಮಾರುಕಟ್ಟೆಗೆ ಬಿಟ್ಟಿದ್ದು ಸರಿಯಾ, ತಪ್ಪಾ?

ಬೈಟು_ಕಾಫಿ:
ಸರಿ. ಮುಗೀತು. ಮುಂದಿನ ಪ್ರಶ್ನೆ?

ಹಳೇಪಲ್ಪರ್:
ಬೈಟು ಸ್ವಾಮಿಗಳೇ, ಕಪ್ಪಿಗೆ ಬಂದ ಮೇಲೆ ಕಾಫಿ ನೋಡಿದವರು ಸ್ವಲ್ಪ ಸುಮ್ಮನಿರಿ.

ಹೂಮಳೆ, ನಿಮ್ಮ ತಂದೆಯವರ ವಯಸ್ಸಿನವನೇ ನಾನು, ಚಿಕ್ಕಮಗಳೂರು ತಾಲ್ಲೂಕು. ಬೋರ್ಡು ಹುಟ್ಟಿದ್ದೇ ಕಷ್ಟಕಾಲದಲ್ಲಿ. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯ್ತು, ಕಾಫಿ ಕೇಳೋರಿಲ್ಲ. ಆಗ ಬೆಳೆಗಾರರೇ ಕೈ ಮುಗಿದು ಸರ್ಕಾರವನ್ನ ಕರೆದಿದ್ದು. 1942ರ ಕಾಫಿ ಕಾಯ್ದೆ ಬಂತು, ಎಲ್ಲರ ಕಾಫಿಯೂ ಒಂದೇ ಪೂಲಿಗೆ, ಅಂದ್ರೆ ಬೋರ್ಡಿನ ಒಂದೇ ರಾಶಿಗೆ. ಬಿತ್ತನೆಗೆ, ಮನೆ ಖರ್ಚಿಗೆ ಒಂದಿಷ್ಟು ಬಿಟ್ಟು ಉಳಿದಿದ್ದು ಬೋರ್ಡಿಗೇ ಹಾಕಬೇಕು. ಹೊರಗೆ ಮಾರಿದ್ರೆ ಅಪರಾಧ, ನಿಮ್ಮದೇ ಬೆಳೆ ಆದ್ರೂ!

ದರ್ಜೆ ಪ್ರಕಾರ ಪಾಯಿಂಟ್ ಹಾಕೋರು. ಪಾಯಿಂಟಿಗೆ ಇಷ್ಟು ಅಂತ ಮೊದಲ ಕಂತು. ಉಳಿದಿದ್ದು ಬೋರ್ಡು ಹರಾಜು ಹಾಕಿ, ಲೆಕ್ಕ ಮುಗಿಸಿ, ಮನಸ್ಸು ಬಂದಾಗ. ಈ ವರ್ಷದ ಕಾಫಿಯ ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ವರ್ಷದ ಕೊಯ್ಲು ಮುಗಿದಿರೋದು. ಮಗಳ ಮದುವೆ ಗೊತ್ತು ಮಾಡೋವಾಗ ಜಾತಕಕ್ಕಿಂತ ಮೊದಲು ಬೋರ್ಡಿನ ಕಂತು ಯಾವಾಗ ಅಂತ ವಿಚಾರಿಸ್ತಿದ್ವಿ. ನೆಮ್ಮದಿ ಇತ್ತು ಅನ್ನೋದು ಸುಳ್ಳಲ್ಲ, ದುಡ್ಡು ಇರಲಿಲ್ಲ ಅನ್ನೋದೂ ಸುಳ್ಳಲ್ಲ.

ಹೂಮಳೆ:
ಸಾರ್, ಹಾಗಾದ್ರೆ ಅಪ್ಪ ಹೇಳೋ ನೆಮ್ಮದಿ ಯಾವುದು?

ಹಳೇಪಲ್ಪರ್:
ಬ್ಯಾಂಕಿನವರು ಗೇಟಿಗೆ ಬರ್ತಿರಲಿಲ್ಲ ಕಣಪ್ಪ. ಅದೇ.

ಲೆಕ್ಕದ_ಮೇಷ್ಟ್ರು:
ಅರ್ಥಶಾಸ್ತ್ರ ಪಾಠ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಪೂಲಿನ ದೊಡ್ಡ ದೋಷ ತಡವಾಗಿ ದುಡ್ಡು ಕೊಡೋದಲ್ಲ. ಒಳ್ಳೇ ಕಾಫಿಗೂ ಸಾಧಾರಣ ಕಾಫಿಗೂ ತೋಟದ ಹೆಸರೇ ಅಳಿಸಿಹೋಗ್ತಿತ್ತು. ನೀವು ಹಣ್ಣು ಆರಿಸಿ ಆರಿಸಿ ಕೊಯ್ಲು ಮಾಡಿ, ತೊಳೆದು, ಚಾಪೆ ಮೇಲೆ ಒಣಗಿಸಿದ್ರೂ ಕೊನೆಗೆ ಹೋಗಿ ಸೇರೋದು ಅದೇ ರಾಶಿಗೆ. ದರ್ಜೆಗೆ ಪಾಯಿಂಟ್ ಇತ್ತು ನಿಜ, ಆದ್ರೆ ರುಚಿಗೆ ಬೆಲೆ ಕಟ್ಟೋ ಗಿರಾಕಿ ನಿಮ್ಮ ಗೇಟಿನ ತನಕ ಬರೋ ದಾರಿ ಇರಲಿಲ್ಲ. ಜೊತೆಗೆ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ರೂಪಾಯಿ ಲೆಕ್ಕದ ವ್ಯಾಪಾರ. ಗುಣಮಟ್ಟದ ತಕರಾರೇ ಇಲ್ಲದ ಗಿರಾಕಿ ಇದ್ರೆ ಮಾಲು ಸುಧಾರಿಸೋಕೆ ಯಾರಿಗೆ ಹುಮ್ಮಸ್ಸು?

1991ರಲ್ಲಿ ಸೋವಿಯತ್ ಮುಳುಗ್ತು, ನಮ್ಮ ಖಜಾನೆಯೂ ಖಾಲಿ. 1992ರಲ್ಲಿ ಶೇ 30ರಷ್ಟನ್ನ ದೇಶದೊಳಗೆ ಬೆಳೆಗಾರರೇ ಮಾರಬಹುದು ಅಂದ್ರು, ಆಮೇಲೆ ಅದು ಶೇ 50 ಆಯ್ತು, 1996ರ ಹೊತ್ತಿಗೆ ಪೂರ್ತಿ ಬಿಟ್ರು. ಮಧ್ಯೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಕವಿದು ಗಿಡ ಸುಟ್ಟವು, ಜಗತ್ತಿನ ಬೆಲೆ ಚಿಮ್ಮಿತು. ಸ್ವಾತಂತ್ರ್ಯ ಮತ್ತು ಬೆಲೆ ಒಟ್ಟಿಗೇ ಬಂದಿದ್ರಿಂದ ಬೆಲೆ ತಂದಿದ್ದು ಸ್ವಾತಂತ್ರ್ಯವೇ ಅಂತ ಇಡೀ ಮಲೆನಾಡು ನಂಬಿತು. ತಂದಿದ್ದು ಬ್ರೆಜಿಲ್‌ನ ಹಿಮ.

ಮಡಿಕೇರಿ_ಮಂಜು:
ಮೇಷ್ಟ್ರೇ, ಹಿಮ ತಂದ ಬೆಲೆ ನಮ್ಮ ಕೈಗೆ ತಲುಪಿದ್ದು ಸ್ವಾತಂತ್ರ್ಯ ಇದ್ದಿದ್ರಿಂದ. ಅರ್ಧ ಮಾತ್ರ ಹೇಳಬೇಡಿ. 1975ರಲ್ಲೂ ಬ್ರೆಜಿಲ್‌ನಲ್ಲಿ ಹಿಮ ಬಿದ್ದಿತ್ತು, 77ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಮುಗಿಲು ಮುಟ್ಟಿತ್ತು. ಆಗ ಎಷ್ಟು ಕೊಡಗಿನವರು ಜೀಪು ತಗೊಂಡ್ರು ಕೇಳಿ ನೋಡಿ. 94ರ ನಂತರ ಎಷ್ಟು ಜನ ತಗೊಂಡ್ರು ಅದನ್ನೂ ಕೇಳಿ.

ಹಳೇಪಲ್ಪರ್:
ಜೀಪು ತಗೊಂಡಿದ್ದು ಹೇಳಿದ್ರಿ, 2002ರಲ್ಲಿ ಮಾರಿದ್ದು ಯಾಕೆ ಬಿಟ್ರಿ?

ಬೈಟು_ಕಾಫಿ:
2002ರಲ್ಲಿ ಏನಾಯ್ತು? ನಿಜವಾಗ್ಲೂ ಕೇಳ್ತಿದೀನಿ, ಕಾಲೆಳೀತಿಲ್ಲ.

ಲೆಕ್ಕದ_ಮೇಷ್ಟ್ರು:
ವಿಯೆಟ್ನಾಂ ಆಯ್ತು. 1962ರಿಂದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಅಂತ ಒಂದಿತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಹಾಕಿ ಬೆಲೆ ಬೀಳದಂತೆ ಹಿಡಿದಿಟ್ಟಿದ್ರು. 1989ರ ಜುಲೈಯಲ್ಲಿ ಆ ಕೋಟಾ ಮುರಿದುಬಿತ್ತು. ಅದೇ ಹೊತ್ತಿಗೆ ವಿಯೆಟ್ನಾಂ ಗುಡ್ಡಗಾಡಿನಲ್ಲಿ ರೋಬಸ್ಟಾ ನೆಡ್ತಾ ಹೋಯ್ತು, ಹತ್ತು ವರ್ಷದಲ್ಲಿ ಜಗತ್ತಿನ ಎರಡನೇ ದೊಡ್ಡ ಬೆಳೆಗಾರ ದೇಶ. ಎಲ್ಲರ ಮಾಲೂ ಒಟ್ಟಿಗೆ ಬಂದು 2001–02ರಲ್ಲಿ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳೀತು. ಕೊಯ್ಲಿನ ಕೂಲಿಯೂ ಹುಟ್ಟಲ್ಲ ಅಂತ ಹಣ್ಣನ್ನ ಗಿಡದಲ್ಲೇ ಬಿಟ್ಟವರಿದ್ದಾರೆ.

ಮಡಿಕೇರಿ_ಮಂಜು:
ಆ ವಿಯೆಟ್ನಾಂ ಉದಾಹರಣೆ ನಿಮ್ಮ ವಾದಕ್ಕೇ ತಿರುಗಿ ಹೊಡೆಯುತ್ತೆ. ಅಲ್ಲಿ ಇರೋದು ಕಮ್ಯುನಿಸ್ಟ್ ಪಕ್ಷದ ಸರ್ಕಾರ. ಜಾಗ ಕೊಟ್ಟಿದ್ದು, ಜನರನ್ನ ಕರ್ಕೊಂಡು ಹೋಗಿ ಕೂರಿಸಿದ್ದು, ಸರ್ಕಾರಿ ಫಾರಂ ಮಾಡಿದ್ದು ಎಲ್ಲ ಸರ್ಕಾರವೇ. ನಮ್ಮನ್ನ ಮುಳುಗಿಸಿದ್ದು ಮುಕ್ತ ಮಾರುಕಟ್ಟೆ ಅಲ್ಲ, ಇನ್ನೊಂದು ದೇಶದ ಸರ್ಕಾರಿ ಯೋಜನೆ.

ಲೆಕ್ಕದ_ಮೇಷ್ಟ್ರು:
1986ರಲ್ಲಿ ಅವರೂ ಬಾಗಿಲು ತೆಗೆದ್ರು. ರೈತನಿಗೆ ಬೆಳೆದಿದ್ದನ್ನ ಮಾರೋ ಹಕ್ಕು ಕೊಟ್ಟ ಮೇಲೇ ಇಳುವರಿ ಹಾಗೆ ಏರಿದ್ದು. ಎರಡೂ ಸೇರಿತ್ತು ಅನ್ನಿ, ಒಪ್ಪಿದೆ. ಆದ್ರೆ ಇದು ನನ್ನ ಮಾತಿಗೆ ಇನ್ನೂ ಬಲ ಕೊಡುತ್ತೆ. ಪುಸ್ತಕದಲ್ಲಿರೋ ಅಂಥ ಶುದ್ಧ ಮುಕ್ತ ಮಾರುಕಟ್ಟೆ ಕಾಫಿಯಲ್ಲಿ ಯಾವತ್ತೂ ಇರಲಿಲ್ಲ. 1930ರ ದಶಕದಲ್ಲಿ ಬೆಲೆ ಏರಿಸೋಕೆ ಬ್ರೆಜಿಲ್ ಸರ್ಕಾರ ಕೋಟಿಗಟ್ಟಲೆ ಚೀಲ ಕಾಫಿಯನ್ನ ಬೆಂಕಿಗೆ ಹಾಕಿತ್ತು.

ಪುತ್ತೂರು_ಗೋಟು:
ನಿಮ್ಮ ಕಾಫಿ ಜಗಳ ನೋಡಿ ನಗು ಬರ್ತದೆ ಮಾರಾಯ್ರೆ. ಇಲ್ಲಿ ಮುಕ್ತ ಮಾರುಕಟ್ಟೆ ಬೇಕು ಅಂತ ಬರೆದವರಲ್ಲಿ ಒಬ್ಬರಾದರೂ ಹೊರದೇಶದ ಕಾಫಿ ಸುಂಕ ಇಲ್ಲದೆ ಬರಲಿ ಅಂತೀರಾ? ಕಾಫಿ ಆಮದಿಗೆ ಸಾಮಾನ್ಯವಾಗಿ ಶೇ 100 ಸುಂಕ ಉಂಟು. ರಫ್ತಿಗೋಸ್ಕರ ತರಿಸಿ ಪುಡಿ ಮಾಡಿ ವಾಪಸ್ ಕಳಿಸುವವರಿಗೆ ವಿನಾಯಿತಿ. ಆ ಸುಂಕ ತೆಗೀರಿ ಅಂತ ಹೇಳುವವರು ಕೈ ಎತ್ತಿ ನೋಡುವಾ.

ನಾವು ಅಡಿಕೆಯವರೂ ಹಾಗೆಯೇ, ಮುಚ್ಚುಮರೆ ಇಲ್ಲ. 2023ರಲ್ಲಿ ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251ರಿಂದ 351 ಮಾಡಿದಾಗ ಪಟಾಕಿ ಹೊಡೆದವರು ನಾವು. ಮಾರುವಾಗ ಮುಕ್ತ, ಹೊರಗಿನವ ಮಾರಲಿಕ್ಕೆ ಬಂದರೆ ಬಾಗಿಲು ಬಂದ್.

ಹೂಮಳೆ:
ಅಣ್ಣಾ, ಮೆಣಸಿನ ಕಥೆ ಗೊತ್ತಲ್ಲ ನಿಮಗೆ. ಶ್ರೀಲಂಕಾ ಜೊತೆ ಕಡಿಮೆ ಸುಂಕದ ಒಪ್ಪಂದ ಇದೆ ಅಂತ ವಿಯೆಟ್ನಾಂ ಮೆಣಸು ಅಲ್ಲಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರ್ತಿತ್ತು. 2017ರ ಡಿಸೆಂಬರಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಬೇಕಾಯ್ತು. ಅದು ವ್ಯಾಪಾರ ಅಲ್ಲ, ಮೋಸ. ಮೋಸ ತಡೆಯೋದು ಮಾರುಕಟ್ಟೆ ವಿರೋಧ ಹೇಗಾಗುತ್ತೆ?

ಪುತ್ತೂರು_ಗೋಟು:
ಮೋಸ ತಡೆಯಲಿಕ್ಕೆ ಕಸ್ಟಮ್ಸ್ ಸಾಕು ತಮ್ಮ. 500ರ ಗೋಡೆ ಕಟ್ಟಿದ್ದು ಬೆಲೆಗೆ. ಬೇಕಿತ್ತು, ನಾನೂ ಬೇಡ ಅನ್ನುವುದಿಲ್ಲ. ಆದರೆ ಹೆಸರು ಸರಿಯಾಗಿ ಹೇಳುವಾ.

ಇನ್ನೊಂದು ವಿಷಯ. 70ರ ದಶಕದ ಶುರುವಲ್ಲಿ ಅಡಿಕೆ ಬೆಲೆ ಮಕಾಡೆ ಮಲಗಿದಾಗ ವಾರಣಾಸಿ ಸುಬ್ರಾಯ ಭಟ್ಟರು ಊರೂರು ತಿರುಗಿ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಘ ಕಟ್ಟಿದರು. ಅದು ಬೋರ್ಡೂ ಅಲ್ಲ, ಸಾಹುಕಾರನ ಅಂಗಡಿಯೂ ಅಲ್ಲ. ಬೇಕಾದರೆ ಅಲ್ಲಿ ಹಾಕಿ, ಬೇಡವಾದರೆ ಪೇಟೆಯಲ್ಲಿ ಮಾರಿ. ಆದರೆ ಅದು ಒಂದು ಇರುವ ಕಾರಣ ಪೇಟೆಯವ ತೀರಾ ಕೆಳಗೆ ಕೇಳಲಿಕ್ಕೆ ಹೆದರುತ್ತಾನೆ. ನೀವು ಕಾಫಿಯವರು ಬೋರ್ಡಿನ ಹಿಡಿತ ಹೋದ ಮೇಲೆ ಅಂಥದ್ದೊಂದನ್ನು ಗಟ್ಟಿಯಾಗಿ ಯಾಕೆ ಕಟ್ಟಲಿಲ್ಲ?

ಮಡಿಕೇರಿ_ಮಂಜು:
ಕಟ್ಟಿದ್ವಿ. ರಾಜಕೀಯ ಹೊಕ್ತು. ಹೆಸರು ಹೇಳಲ್ಲ, ನಮ್ಮ ಕಡೆಯವರಿಗೆ ಗೊತ್ತು.

ಬಿಸಿಲ್ನಾಡು:
ಕಲಬುರಗಿಯಿಂದ ಬರಿಯಾಕತ್ತೀನ್ರೀ. ನೀವೆಲ್ಲಾ ಮಾರ್ಕೆಟ್ ಛಲೋನೋ ಸರ್ಕಾರ ಛಲೋನೋ ಅಂತ ಆರಿಸಿಕೊಳ್ಳೋ ಮಂದಿ. ನಮ್ಮ ತೊಗರಿಗೆ ಆ ಭಾಗ್ಯ ಇಲ್ಲ. ದರ ಬಿದ್ದಾಗ 'ಮಾರ್ಕೆಟ್ ರೀ, ನಾವೇನ್ ಮಾಡೂಣು' ಅಂತಾರ. 2023ರಾಗ ಕ್ವಿಂಟಲ್ ಹತ್ತು ಸಾವಿರ ದಾಟಿದ ಕೂಡ್ಲೆ ಏನ್ ಮಾಡಿದ್ರು? ಜೂನ್ ತಿಂಗಳದಾಗ ದಾಸ್ತಾನು ಮಿತಿ ಹಾಕಿದ್ರು, ಆಫ್ರಿಕಾದಿಂದ, ಮ್ಯಾನ್ಮಾರ್‌ದಿಂದ ತೊಗರಿ ಸುಂಕ ಇಲ್ದ ಬರ್ಲಿ ಅಂದ್ರು. ಅಂದ್ರ ಇಳಿಯೂದಕ್ಕ ಮುಕ್ತ, ಏರೂದಕ್ಕ ಬ್ರೇಕ್. ಬೆಂಬಲ ಬೆಲೆ ಐತಿ, ಖರೇ, ಆದ್ರ ಖರೀದಿ ಕೇಂದ್ರ ತೆಗಿಯೂದರಾಗ ಅರ್ಧ ರೈತರು ಸಾಲ ತೀರ್ಸಾಕ ಅಡತಿಗೆ ಹಾಕಿ ಬಂದಿರ್ತಾರ.

ನಿಮ್ಮ ಕಾಫಿ ಹೊರದೇಶದವ್ರು ಕುಡೀತಾರ, ಅದಕ್ಕ ಏರಿದ್ರ ದಿಲ್ಲಿಗೆ ಚಿಂತಿಲ್ಲ. ನಮ್ಮ ಬ್ಯಾಳಿ ಎಲ್ಲಾ ಮನಿಯಾಗ ಕುದಿತೈತಿ. ಓಟು ಐತಲ್ರೀ ಅದರಾಗ!

ಲೆಕ್ಕದ_ಮೇಷ್ಟ್ರು:
ಈ ಚರ್ಚೆಯಲ್ಲಿ ಬಂದ ಅತ್ಯಂತ ತೂಕದ ಮಾತು ಇದು. ಮೇಲಿನವರೆಲ್ಲ ಇನ್ನೊಂದ್ಸಲ ಓದಿ.

ಬೈಟು_ಕಾಫಿ:
ಆದ್ರೆ ಬಿಸಿಲ್ನಾಡು ಅಣ್ಣ, ತೊಗರಿಬೇಳೆ 180–200 ಆದಾಗ ನಮ್ಮಂಥ ಬಾಡಿಗೆ ಮನೆಯವರು ಹುಳಿಗೆ ಏನ್ ಹಾಕೋದು? ಕೊಳ್ಳೋರ ಕಡೆಯೂ ಒಬ್ರು ಮಾತಾಡಬೇಕಲ್ಲ. ನನಗೆ ಮಾರುಕಟ್ಟೆ ಮೇಲೆ ನಂಬಿಕೆ ಬಂದಿದ್ದು ಫೋನಿಂದ. ನಮ್ಮಪ್ಪ ಫೋನ್ ಕನೆಕ್ಷನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ರು. 2003ರ ತನಕ ಮೊಬೈಲ್‌ಗೆ ಬರೋ ಕರೆಗೂ ದುಡ್ಡು ಕಿತ್ಕೋತಿದ್ರು. ಪೈಪೋಟಿ ಬಂದ ಮೇಲೆ ಏನಾಯ್ತು ಅಂತ ನಿಮ್ಮ ಕೈಯಲ್ಲಿರೋ ಫೋನೇ ಹೇಳುತ್ತೆ. ಬೋರ್ಡ್ ಚೆನ್ನಾಗಿತ್ತು ಅನ್ನೋರು ಲ್ಯಾಂಡ್‌ಲೈನ್ ಟ್ರಂಕ್ ಕಾಲ್ ಮಾಡಿ ಈ ಚರ್ಚೆ ನಡೆಸಲಿ.

ಪುತ್ತೂರು_ಗೋಟು:
ಹತ್ತಾರು ಕಂಪನಿ ಇದ್ದದ್ದು ಈಗ ಎಷ್ಟು ಉಳಿದಿದೆ? ರೀಚಾರ್ಜ್ ರೇಟು ಎಲ್ಲರದ್ದೂ ಒಟ್ಟಿಗೆ ಏರುವುದು ನೋಡಿದ್ದೀರಲ್ಲ. ಪೈಪೋಟಿ ತಾನಾಗಿ ಉಳಿಯುವುದಿಲ್ಲ ಮಾರಾಯ್ರೆ, ಅದನ್ನು ಕಾಯಲಿಕ್ಕೂ ಒಬ್ಬ ಬೇಕು.

ಲೈನ್‌ಮನೆ:
ಎಲ್ಲರೂ ಬರೆದ್ರಿ. ತೋಟದಲ್ಲಿ ಕೆಲಸ ಮಾಡೋರ ಕಡೆಯಿಂದ ಒಬ್ಬ ಬರೀಲಾ?

ಅಪ್ಪ ಅಮ್ಮ ಇಬ್ರೂ ಮೂಡಿಗೆರೆ ಹತ್ರ ಎಸ್ಟೇಟಿನಲ್ಲಿ ಕೂಲಿ. ನಾನು ಲೈನಿನಲ್ಲೇ, ಅಂದ್ರೆ ಕೂಲಿಯವರ ಸಾಲುಮನೆಯಲ್ಲೇ ಹುಟ್ಟಿ ಬೆಳೆದವನು, ಈಗ ಹಾಸನದಲ್ಲಿ ಕೆಲಸ. 2002ರಲ್ಲಿ ರೇಟ್ ಬಿದ್ದಾಗ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಬಂದು ವಾರಕ್ಕೆ ಮೂರೇ ದಿನ ಕೆಲಸ ಅಂದ್ರು. ಬೋನಸ್ ಇಲ್ಲ, ಲೈನ್ ಮನೆ ಸೂರು ಸೋರ್ತಿದ್ರೂ ಹೆಂಚು ಹಾಕಿಸಲ್ಲ. ಸಾವ್ಕಾರ್ರಿಗೇ ಕಷ್ಟ ಇದೆ ಅಂತ ನಾವೂ ಸುಮ್ನಿದ್ವಿ. 2024ರಲ್ಲಿ ಚೀಲಕ್ಕೆ ಹತ್ತು ಸಾವಿರ ಬಂದಾಗ ಏನಾಯ್ತು? ಕೊಯ್ಲಿಗೆ ಕೆ.ಜಿ.ಗೆ ಒಂದೋ ಎರಡೋ ರೂಪಾಯಿ ಏರ್ತು. ಅದೂ ಪ್ರೀತಿಗಲ್ಲ, ಜನ ಸಿಗಲ್ಲ ಅಂತ. ಬೆಲೆ ಬಿದ್ದಾಗ ನಷ್ಟ ಎಲ್ಲರಿಗೂ ಹಂಚಿತ್ತು, ಏರಿದಾಗ ಲಾಭ ಬಂಗ್ಲೆ ತನಕ ಬಂದು ನಿಂತ್ಕೋತು.

ಹೂಮಳೆ:
ಅಣ್ಣಾ, ನಮ್ಮದು ಬಂಗ್ಲೆ ಅಲ್ಲ, ನಾವೂ ಕಣದಲ್ಲಿ ಚೆರಿ ತಿರುವೋರೇ. ಸಣ್ಣ ಬೆಳೆಗಾರರೇ ನೂರಕ್ಕೆ ತೊಂಬತ್ತೆಂಟು ಪಾಲು ಇರೋದು. ಕೂಲಿ, ಗೊಬ್ಬರ, ಡೀಸೆಲ್ ಎಲ್ಲ ಏರಿದೆ. ಆದ್ರೂ ನೀವು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ: ಜನ ಸಿಗಲ್ಲ ಅಂತ ಕೂಲಿ ಏರ್ತು ಅಂದ್ರಲ್ಲ, ಅದೇ ಮಾರುಕಟ್ಟೆ. ಯಾರೂ ಪ್ರೀತಿಯಿಂದ ಕೊಡಬೇಕಿಲ್ಲ, ಅದಕ್ಕೇ ಅದು ಕೆಲಸ ಮಾಡೋದು.

ಲೈನ್‌ಮನೆ:
ಹಾಗಾದ್ರೆ ಅಸ್ಸಾಮಿನಿಂದ ಲಾರಿಗಟ್ಟಲೆ ಜನ ಕರೆಸಿ ಕೂಲಿ ಏರದ ಹಾಗೆ ನೋಡ್ಕೊಳ್ಳೋದೂ ಮಾರುಕಟ್ಟೆನೇ ತಾನೆ? ಅವರಿಗೆ ಎಂಥ ಮನೆ ಕೊಟ್ಟಿದ್ದೀರಿ ಒಂದ್ಸಲ ಫೋಟೋ ಹಾಕಿ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ಆಸ್ಪತ್ರೆ, ಕೂಸಿನಮನೆ ಎಲ್ಲ ಬರೆದಿತ್ತು. ದೊಡ್ಡ ಎಸ್ಟೇಟಿನಲ್ಲಿ ಅಷ್ಟೋ ಇಷ್ಟೋ ನಡೀತಿತ್ತು. ಹದಿನೈದು ಇಪ್ಪತ್ತು ದಿನಕ್ಕೆ ಬಂದು ಹೋಗೋರಿಗೆ ಯಾವ ಕಾಯ್ದೆ? ನನ್ನ ಅಮ್ಮನಿಗೆ ಅಂತೂ ಆ ಕಾಯ್ದೆಯಿಂದ ಹೆರಿಗೆ ಸಮಯದಲ್ಲಿ ರಜೆ ಸಂಬಳ ಸಿಕ್ಕಿತ್ತು. ಮಾರುಕಟ್ಟೆಯಿಂದ ಸಿಗ್ತಿರಲಿಲ್ಲ.

ಹಳೇಪಲ್ಪರ್:
ಇದಕ್ಕೆ ಉತ್ತರ ಕೊಡೋದು ಕಷ್ಟ. ನನ್ನ ತೋಟದಲ್ಲೂ ಬೇರೆ ರೀತಿ ನಡೀತಿದೆ ಅಂತ ಹೇಳಲ್ಲ.

ಬೈಟು_ಕಾಫಿ:
ಹೋಟೆಲ್ ಕಾಫಿ ರೇಟು ಮಾತ್ರ ತಪ್ಪದೆ ಏರ್ತಿದೆ. ಬೆಲೆ ಇಳಿದಾಗ ಇಳಿಸಿದ ಹೋಟೆಲ್ ಇಡೀ ಬೆಂಗಳೂರಲ್ಲಿ ಒಂದು ತೋರಿಸಿ. ಅದರಲ್ಲೂ ಅರ್ಧ ಚಿಕೋರಿ.

ಮಡಿಕೇರಿ_ಮಂಜು:
ಶೇ 49ರ ತನಕ ಚಿಕೋರಿ ಹಾಕೋಕೆ ಕಾನೂನೇ ಬಿಟ್ಟಿದೆ. ಪ್ಯಾಕೆಟ್ ಮೇಲೆ ಬರೆದಿರಬೇಕು ಅಷ್ಟೆ. ಓದಿ ತಗೊಳ್ಳಿ.

ಬೈಟು_ಕಾಫಿ:
ಲೋಟದ ಮೇಲೆ ಬರೆದಿರಲ್ವಲ್ಲ ಗುರು.

ವೇದಿಕೆ_ನಿರ್ವಾಹಕ:
ಚಿಕೋರಿ ಜಗಳಕ್ಕೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಚೀಲದ_ಲೆಕ್ಕ:
ನಾನು ವ್ಯಾಪಾರಿ. ಬೈಯೋದಿದ್ರೆ ಈಗಲೇ ಬೈದುಬಿಡಿ, ಆಮೇಲೆ ಓದಿ.

ಮುಕ್ತ ಮಾರುಕಟ್ಟೆ ಹೇಗೆ ನಡೆಯುತ್ತೆ ಅಂತ ನೋಡಬೇಕಿದ್ರೆ ನನ್ನ ಅಂಗಡಿ ಮುಂದೆ ಅರ್ಧ ಗಂಟೆ ನಿಲ್ಲಿ. ರೋಬಸ್ಟಾ ಚೆರಿಗೆ ಚೀಲದ ರೇಟು ಅಂತ ಇಲ್ಲ, ಓಟಿ ರೇಟು. ಅಂದ್ರೆ 50 ಕೆ.ಜಿ. ಚೆರಿ ಹಲ್ಲಿಂಗ್ ಮಾಡಿ ಸಿಪ್ಪೆ ತೆಗೆದ್ರೆ ಎಷ್ಟು ಕೆ.ಜಿ. ಬೀಜ ಬರುತ್ತೆ ಅನ್ನೋ ಲೆಕ್ಕ. ಓಟಿ 26 ಬಂತು, ರೇಟು 400 ಇದೆ ಅಂದ್ರೆ ಚೀಲಕ್ಕೆ 10,400. ಈಗ ನಾನು 26 ಬಂದಿದ್ದನ್ನ ಇಪ್ಪತ್ತೈದೂವರೆ ಅಂದ್ರೆ? ಚೀಲಕ್ಕೆ 200 ರೂಪಾಯಿ ಹೋಯ್ತು. ಮುನ್ನೂರು ಚೀಲಕ್ಕೆ 60,000. ತೇವಾಂಶ ಜಾಸ್ತಿ ಇದೆ ಅಂತ ಇನ್ನೊಂದಿಷ್ಟು ಕಡಿದ್ರೆ ಅದೂ ಹೋಯ್ತು. ಲಂಡನ್ ರೋಬಸ್ಟಾ ಮಾರುಕಟ್ಟೆಯ ರೇಟು ಈಗ ಎಲ್ಲರ ವಾಟ್ಸಾಪಲ್ಲೂ ಬರುತ್ತೆ, ಅಲ್ಲಿ ಯಾರನ್ನೂ ಯಾಮಾರಿಸೋಕಾಗಲ್ಲ. ಯಾಮಾರಿಸೋದೆಲ್ಲ ಆ ಒಂದು ಹಿಡಿ ಸ್ಯಾಂಪಲ್‌ನಲ್ಲಿ.

ನಾನು ಹಾಗೆ ಮಾಡಲ್ಲ ಅಂದ್ರೆ ನೀವು ನಂಬಲ್ಲ, ಬಿಡಿ. ಆದ್ರೆ ಊರಲ್ಲಿ ಐದು ಜನ ವ್ಯಾಪಾರಿಗಳಿದ್ರೆ ಆಟ ನಡೆಯಲ್ಲ, ಒಬ್ಬನೇ ಇದ್ರೆ ಧಾರಾಳವಾಗಿ ನಡೆಯುತ್ತೆ. ಮಳೆಗಾಲಕ್ಕೆ ಮುಂಚೆ ಸಾಲ ಕೊಟ್ಟವನೇ ಕೊಳ್ಳೋನೂ ಆದ್ರೆ ಐದು ಜನ ಇದ್ದೂ ಒಬ್ಬನೇ ಇದ್ದ ಹಾಗೆ.

ಹೂಮಳೆ:
ಇಷ್ಟು ಬಿಚ್ಚಿ ಹೇಳಿದ ವ್ಯಾಪಾರಿಯನ್ನ ಮೊದಲ ಸಲ ನೋಡ್ತಿದೀನಿ. ರೇಟ್ ಫಿಕ್ಸ್ ಮಾಡದೆ ನಿಮ್ಮಲ್ಲಿ ಚೀಲ ಇಟ್ಟು, ಏರಿದಾಗ ಫಿಕ್ಸ್ ಮಾಡ್ತಾರಲ್ಲ, ಅದರ ಬಗ್ಗೆ?

ಚೀಲದ_ಲೆಕ್ಕ:
ನಿಮ್ಮ ಕಾಫಿ ನಾನು ಅವತ್ತೇ ಮಾರಿರ್ತೀನಿ. ನೀವು ಇಟ್ಟಿದ್ದೀನಿ ಅಂದ್ಕೊಂಡಿರ್ತೀರಿ, ನಿಜಕ್ಕೂ ನೀವು ನನಗೆ ಬಡ್ಡಿ ಇಲ್ಲದ ಸಾಲ ಕೊಟ್ಟಿದ್ದೀರಿ. ಬೆಲೆ ಮೆಲ್ಲಗೆ ಏರಿದ್ರೆ ನಿಭಾಯಿಸ್ಬಹುದು. 2024ರ ಹಾಗೆ ಒಂದೇ ವರ್ಷದಲ್ಲಿ ಲಂಡನ್ ರೇಟು ಟನ್ನಿಗೆ 5,000 ಡಾಲರ್ ದಾಟಿದ್ರೆ ಫಿಕ್ಸ್ ಮಾಡೋಕೆ ಬಂದವರಿಗೆಲ್ಲ ಎಲ್ಲಿಂದ ಕೊಡೋದು? ರಾತ್ರೋರಾತ್ರಿ ಊರು ಬಿಟ್ಟವರ ಕಥೆ ನಿಮ್ಮ ಕಡೆಯೂ ಕೇಳಿರ್ತೀರಿ.

ಮಡಿಕೇರಿ_ಮಂಜು:
ಕೇಳೋದೇನು, ನಮ್ಮ ಸೋದರಮಾವನ ನೂರಿಪ್ಪತ್ತು ಚೀಲ ಹಾಗೇ ಹೋಯ್ತು. ಪೊಲೀಸ್ ಕಂಪ್ಲೇಂಟ್ ಕೊಟ್ರೆ 'ರಸೀದಿ ಎಲ್ಲಿ' ಅಂದ್ರು. ಇರೋದು ಒಂದು ಬಿಳಿ ಚೀಟಿ, ಅದರ ಮೇಲೆ ಚೀಲದ ಸಂಖ್ಯೆ ಅಷ್ಟೆ.

ಲೆಕ್ಕದ_ಮೇಷ್ಟ್ರು:
ನೋಡಿ, ಜಗಳ ಇಲ್ಲಿಗೆ ಬಂದು ನಿಲ್ಲಬೇಕು. ಬೋರ್ಡ್ ಕಾಲದಲ್ಲಿ ಬೆಲೆ ಏರಿಳಿತದ ಹೊರೆಯನ್ನ ಪೂಲ್ ಹೊತ್ತಿತ್ತು, ಅದಕ್ಕೆ ಬದಲಾಗಿ ನಿಮ್ಮ ಲಾಭವನ್ನೂ ಇಟ್ಕೊಂಡಿತ್ತು. ಈಗ ಲಾಭ ನಿಮ್ಮದೇ, ಹೊರೆಯೂ ನಿಮ್ಮದೇ. ನಿಮ್ಮಿಂದ ಹೊರಲಾಗದ್ದು ಲೈನ್ ಮನೆಗೆ ಇಳಿಯುತ್ತೆ. ರಸೀದಿಗೆ ಬೆಲೆ ಇರೋ ಗೋದಾಮು, ನಂಬಿಕಸ್ಥ ಓಟಿ ಅಳತೆ, ಬಿದ್ದ ವರ್ಷ ಹಿಡಿದುಕೊಳ್ಳೋ ವಿಮೆ, ಇವೆಲ್ಲ ಇದ್ರೆ ಮುಕ್ತ ಮಾರುಕಟ್ಟೆಯನ್ನ ನಾನೂ ತಲೆ ಮೇಲೆ ಹೊರ್ತೀನಿ. ಅವು ಯಾವುದನ್ನೂ ಮಾಡದೆ ಬಾಗಿಲು ಮಾತ್ರ ತೆಗೆದ್ರು.

ಸಂಶೋಧನೆಯನ್ನೂ ಮರೀಬೇಡಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರದ್ದು. ಹೂಮಳೆ, ನಿಮ್ಮ ಅರೇಬಿಕಾ ಯಾವ ತಳಿ?

ಹೂಮಳೆ:
ಬಹುಪಾಲು ಎಸ್. 795.

ಲೆಕ್ಕದ_ಮೇಷ್ಟ್ರು:
ಅಲ್ಲಿಂದಲೇ ಬಂದಿದ್ದು. ಇಪ್ಪತ್ತು ವರ್ಷ ಕಾದು ಒಂದು ತಳಿ ತೆಗೆದು, ಬೀಜವನ್ನ ಅಗ್ಗಕ್ಕೆ ಹಂಚೋ ಕಂಪನಿ ಯಾವುದಿದೆ ಹೇಳಿ?

ಮಡಿಕೇರಿ_ಮಂಜು:
ಅದಕ್ಕೆ ಕೈ ಮುಗೀತೀನಿ. ಆದ್ರೆ ಬಿಳಿ ಕಾಂಡಕೊರಕ ಹುಳಕ್ಕೆ ಇವತ್ತಿಗೂ ಗಿಡ ಕಿತ್ತು ಸುಡಿ ಅಂತಾನೇ ಹೇಳ್ತಿದ್ದಾರಲ್ಲ ಮೇಷ್ಟ್ರೇ, ನೂರು ವರ್ಷ ಆಯ್ತು. ಪೈಪೋಟಿ ಇದ್ದಿದ್ರೆ ಇಷ್ಟೊತ್ತಿಗೆ ಏನಾದ್ರೂ ಆಗ್ತಿತ್ತು.

ಹಳೇಪಲ್ಪರ್:
ಆ ಹುಳಕ್ಕೆ ಸರ್ಕಾರಾನೂ ಒಂದೇ, ಖಾಸಗೀನೂ ಒಂದೇ.

ಮೇಷ್ಟ್ರು ಬಿಟ್ಟ ಇನ್ನೊಂದು ವಿಷಯ: ಸಾಲ. ಕೋರ್ಟಿಗೆ ಹೋಗದೆ ಬ್ಯಾಂಕು ಅಡವಿಟ್ಟ ಆಸ್ತಿ ಹರಾಜು ಹಾಕೋ ಸರ್ಫೇಸಿ ಕಾಯ್ದೆ ರೈತನ ಗದ್ದೆಗೆ ಮುಟ್ಟಲ್ಲ ಅಂತಾರೆ. ಕಾಫಿ ತೋಟಕ್ಕೆ ಮಾತ್ರ ಪ್ಲಾಂಟೇಷನ್ ಅಂತ ಬ್ಯಾಂಕಿನವರು ಆನ್‌ಲೈನ್ ಹರಾಜಿಗೆ ಇಡ್ತಾರೆ. ಬೆಲೆ ಬಿದ್ದ ವರ್ಷದ ಸಾಲ, ಬೆಲೆ ಏರೋ ಹೊತ್ತಿಗೆ ತೋಟವೇ ಬೇರೆಯವರದ್ದು. 2010ರಲ್ಲಿ ಕೇಂದ್ರದವರು ಸಣ್ಣ ಬೆಳೆಗಾರರ ಸಾಲಕ್ಕೆ ಪರಿಹಾರ ಕೊಟ್ಟಿದ್ರಿಂದ ಎಷ್ಟೋ ಜನ ಉಳ್ಕೊಂಡ್ರು. ಆಗ ಯಾರೂ ಮುಕ್ತ ಮಾರುಕಟ್ಟೆ ಕೆಡುತ್ತೆ, ಬೇಡ ಅನ್ನಲಿಲ್ಲ.

ಬಿಸಿಲ್ನಾಡು:
ನಮ್ಮ ಕಡಿ ಸಾಲಮನ್ನಾ ಆದ್ರ ಬೆಂಗ್ಳೂರ ಮಂದಿ 'ತೆರಿಗಿ ನಮ್ದು' ಅಂತ ಪೋಸ್ಟ್ ಹಾಕ್ತಾರ. ಕಂಪನಿ ಸಾಲ ರೈಟ್ ಆಫ್ ಆದ್ರ, ಅಂದ್ರ ಬ್ಯಾಂಕಿನ ಲೆಕ್ಕದಿಂದ ತೆಗೆದ್ರ, ಸುದ್ದೀನ ಇಲ್ಲ.

ಬೈಟು_ಕಾಫಿ:
ನನ್ನ ಕಡೆ ನೋಡಬೇಡಿ, ನಾನು ಹಾಕಿಲ್ಲ. ರೈಟ್ ಆಫ್ ಅಂದ್ರೆ ಮನ್ನಾ ಅಲ್ಲ ಅಂತ ವಿವರಿಸೋಕೆ ಹೋದ್ರೆ ಈಗ ಹೊಡೀತೀರಿ, ಅದಕ್ಕೆ ಸುಮ್ನಿರ್ತೀನಿ.

ಪುತ್ತೂರು_ಗೋಟು:
ಸುಮ್ಮನಿರಿ, ಒಳ್ಳೇದು.

ಹೂಮಳೆ:
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಓಟಿ ಲೆಕ್ಕದ ವಿಷಯಕ್ಕೆ ಬಂದಾಗ ಮಾತ್ರ ಇಬ್ರೂ ಒಂದೇ ಪಾರ್ಟಿ ಆದ್ವಿ. ಚೀಲದ_ಲೆಕ್ಕ ಅಣ್ಣಾ, ಬೆಳೆಗಾರರೇ ನಾಲ್ಕೈದು ಜನ ಸೇರಿ ಸ್ಯಾಂಪಲ್ ಹಲ್ಲರ್, ತೇವಾಂಶ ಮೀಟರ್ ತಗೊಂಡ್ರೆ ನಿಮ್ಮಂಥವರು ನಮ್ಮ ಅಳತೆ ಒಪ್ತೀರಾ?

ಚೀಲದ_ಲೆಕ್ಕ:
ನನ್ನ ಮುಂದೆ ಇನ್ನೊಂದ್ಸಲ ಮಾಡಿ ತೋರಿಸಿದ್ರೆ ಒಪ್ತೀನಿ. ಕಣದ ಮೇಲ್ಗಡೆಯ ಚೆರಿ ಮಾತ್ರ ಹಾಕಿ 28 ಬಂತು ಅಂದ್ರೆ ಒಪ್ಪಲ್ಲ. ನಾಲ್ಕು ಮೂಲೆಯಿಂದ ತೆಗೀಬೇಕು, ಚೀಲದ ತಳದಿಂದಲೂ.

ಲೈನ್‌ಮನೆ:
ಹಾಗೇ ಕೊಯ್ಲಿನ ತಕ್ಕಡಿಗೂ ಒಂದು ನಿಯಮ ಮಾಡಿ. ಹಣ್ಣು ತೂಗುವಾಗ ಚೀಲದ ತೂಕ ಅಂತ ಒಂದೆರಡು ಕೆ.ಜಿ. ಮುರಿದುಕೊಳ್ಳೋದು ನಿಮ್ಮ ಕಡೆಯವರೇ.

ಹೂಮಳೆ:
ನಮ್ಮಲ್ಲಿ ಡಿಜಿಟಲ್ ತಕ್ಕಡಿ ಇದೆ, ಖಾಲಿ ಚೀಲ ಮೊದಲು ತೂಗಿ ಬರೀತೀವಿ. ಬೇರೆಯವರದ್ದು ನನಗೆ ಗೊತ್ತಿಲ್ಲ. ಹಲ್ಲರ್‌ಗೆ ಪಾಲುಗಾರರಾಗೋ ಆಸಕ್ತಿ ಸಕಲೇಶಪುರ, ಮೂಡಿಗೆರೆ ಕಡೆ ಯಾರಿಗಾದ್ರೂ ಇದ್ರೆ ಇಲ್ಲೇ ಬರೀರಿ, ಕೊಯ್ಲು ಶುರುವಾಗೋದ್ರೊಳಗೆ ಒಂದು ಸಲ ಕೂರೋಣ.

ಹಳೇಪಲ್ಪರ್:
ಚಿಕ್ಕಮಗಳೂರಿನವರು ಬರಬಹುದಾ, ಅಥವಾ ಅದಕ್ಕೂ ಕೋಟಾ ಇದೆಯಾ?